ಸಣ್ಣಮಾವ ಸಂತೆಯಿಂದ ತಂದ ಸಂಗತಿಗಳು

ನಮ್ಮ ಸಣ್ಣಮಾವನವರಷ್ಟು ಹೆದರುವ ಮನುಷ್ಯ ಮೊಳಕಾಲ್ಮೂರು ಸೀಮೆಯಲ್ಲಿ ಇನ್ನೊಬ್ಬ ಇರಲಿಲ್ಲ. ನೀವು ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಹೆದರುವುದರಲ್ಲಿ ತಮ್ಮನ್ನು ಮೀರಿಸಿದವರು ಎಲ್ಲೋ ಇದ್ದಾರೆಂದು ತಿಳಿದಿದ್ದರೆ ಅವರು ಅದಕ್ಕೂ ಹೆದರುತ್ತಿದ್ದರು! ಹಾಗೆಂದು ದೆವ್ವ ಭೂತಗಳಿಗೆ ಅಂಜುವವರೆಂದು ತಿಳಿಯಬೇಡಿ. ಹುಣಸೆಮರದ ದೆವ್ವಕ್ಕೂ ಹಾಳುಬಾವಿಯ ಮೋಹಿನಿಗೂ ಅವರು ಕ್ಯಾರೇ ಎನ್ನುತ್ತಿರಲಿಲ್ಲ. ದೆವ್ವದ ವಿಷಯದಲ್ಲಿ ಅವರಿಗೆ ಯಾರೂ ಖಚಿತವಾದ ಮಾಹಿತಿ ಕೊಟ್ಟಿರಲಿಲ್ಲ, ಅಷ್ಟೇ. ಅವರು ಹೆದರುತ್ತಿದ್ದುದು ನಿಜವಾದ ಸಂಗತಿಗಳಿಗೆ. ಯಾರಿಗೂ ಗೊತ್ತಿಲ್ಲದ, ಆದರೆ ನೂರಕ್ಕೆ ನೂರು ನಿಜವಾದ ಸಂಗತಿಗಳಿಗೆ.

ಇವರು ನನ್ನ ಮಾವನ ತಮ್ಮ. ನಾನು ಸೊಸೆಯಾಗಿ ಬರುವ ಹೊತ್ತಿಗೇ ಮಾವ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಅತ್ತೆ, ನಮ್ಮನೆಯವರು, ಮತ್ತೆ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಸಣ್ಣಮಾವ. ಅವರ ಹೆಂಡತಿ ಮೊದಲನೇ ಪ್ಲೇಗಿನಲ್ಲಿ ಹೋದರೆಂದು ಕೇಳಿದ್ದೆ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಹೊಸದಾಗಿ ಬಂದವಳು ನಾನೇಕೆ ಎತ್ತಲಿ? ಊರು ಬ್ರಹ್ಮಗಿರಿಯ ತಪ್ಪಲಲ್ಲಿ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಬೇಸಿಗೆಯಲ್ಲಿ ಕೆಂಡದಂಥ ಬಂಡೆಗಳು. ವಾರಕ್ಕೊಮ್ಮೆ ರಾಂಪುರಕ್ಕೆ ಸಂತೆಗೆ ಹೋಗುವುದೇ ಗಂಡಸರಿಗೆಲ್ಲ ದೊಡ್ಡ ಪಯಣ.

ಬೇರೆಯವರು ಸಂತೆಯಿಂದ ಉಪ್ಪು, ಮೆಣಸಿನಕಾಯಿ, ಎತ್ತಿನ ಹಗ್ಗ ತರುತ್ತಿದ್ದರು. ಸಣ್ಣಮಾವ ಸಂಗತಿ ತರುತ್ತಿದ್ದರು! ಬಳ್ಳಾರಿ ದಾರಿಯಲ್ಲಿ ಗಾಡಿಯವರು ಎತ್ತಿನ ಕೊರಳು ಬಿಚ್ಚುವ ಕಡೆ ಒಂದು ಬೇವಿನ ಮರ. ಅದರ ಕೆಳಗೆ ಕೂತು ಹೋಗಿಬರುವವರನ್ನೆಲ್ಲ ಮಾತಿಗೆ ಎಳೆಯುವುದು ಅವರ ಸಂತೆ. ಕಾಂಪೌಂಡರು, ಪೊಲೀಸಿನವರು, ಪಾದ್ರಿಗಳು, ಸರ್ವೆಯವರು, ಜೈಲಿನಿಂದ ಬಿಡುಗಡೆಯಾಗಿ ಬಂದವರು, ಯಾರಾದರೂ ಸರಿ. ತೆಲುಗಿನವರಾದರೆ ತೆಲುಗು, ಸಾಬರಾದರೆ ತಮಗೆ ಬರುವಷ್ಟು ಉರ್ದು. ಸಂಜೆ ಮನೆಗೆ ಬರುವಾಗ ಮುಖ ಬಿಳುಚಿಕೊಂಡಿದ್ದರೆ ಹೊಸ ಸಂಗತಿ ಸಿಕ್ಕಿದೆಯೆಂದೇ ಅರ್ಥ. ಅತ್ತೆ ಉಪ್ಪು ಎಲ್ಲಿ ಎಂದು ಕೇಳುತ್ತಿದ್ದರು. ಉಪ್ಪು ಮರೆತುಹೋಗಿರುತ್ತಿತ್ತು. ಆ ವಾರವೆಲ್ಲ ನಾವು ಪಕ್ಕದ ಮನೆಯ ಉಪ್ಪು ತಿಂದು, ಸಣ್ಣಮಾವನ ಸಂಗತಿ ಕೇಳಿ ದಿನ ದೂಡುತ್ತಿದ್ದೆವು.

ನನಗೆ ಅವರ ಮೊದಲ ಪ್ರಸಾದ ಸಿಕ್ಕಿದ್ದು ಮದುವೆಯ ದಿನವೇ. ನನ್ನ ತವರು ಚಳ್ಳಕೆರೆ. ಅಪ್ಪ ಹೊಲಮನೆ ಇದ್ದವರು. ಒಬ್ಬಳೇ ಮಗಳೆಂದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯಿಸಿ ತಂದಿದ್ದರು. ಹಸೆಮಣೆಗೆ ಹೋಗುವ ಮುಂಚೆ ಗಂಡಿನ ಕಡೆಯ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತಾ ಬಂದೆ. ಸಣ್ಣಮಾವನ ಸರದಿ ಬಂತು. ಅವರು ನನ್ನ ಸೆರಗನ್ನೇ ಎವೆಯಿಕ್ಕದೆ ನೋಡಿದರು. ಆಮೇಲೆ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ಈ ನೂಲೈತಲ್ಲ ತಾಯಿ, ಇದು ಹುಳದ ಬಾಯಾಗಿಂದ ಬಂದಿದ್ದು. ಹುಳ ಇನ್ನೂ ಗೂಡಿನಾಗೆ ಇರುವಾಗ್ಲೇ ಕುದಿಯೋ ನೀರಿಗೆ ಹಾಕ್ತಾರೆ. ಇಂಥ ಒಂದು ಸೀರೆಗೆ ಸಾವಿರಾರು ಹುಳ. ನೂರು ವರ್ಷ ಬಾಳವ್ವ."

ಇದೊಂದು ಆಶೀರ್ವಾದವೇ? ಧಾರೆ ಮುಗಿಯುವ ತನಕ ಆ ಸಾವಿರಾರು ಹುಳಗಳೂ ನನ್ನ ಮೈಮೇಲೆ ಹರಿದಾಡಿದವು. ಭುಜ ಕುಗ್ಗಿಸಿ, ತಲೆ ತಗ್ಗಿಸಿ, ಮೈಯೆಲ್ಲ ಮುದುಡಿಕೊಂಡು ಕೂತಿದ್ದೆ. ಹುಡುಗಿಗೆ ಎಷ್ಟು ನಾಚಿಕೆ, ಈ ಕಾಲದಲ್ಲಿ ಇಂಥ ಸೊಸೆ ಸಿಗುವುದು ಅಪರೂಪ ಎಂದು ಗಂಡಿನ ಕಡೆಯ ಹೆಂಗಸರೆಲ್ಲ ಹೊಗಳಿದರಂತೆ.

ಮಾರನೆಯ ದಿನ ಬೀಗರ ಊಟ. ಎಲೆಗೆ ಹೋಳಿಗೆ ಬಿದ್ದಿತ್ತು, ಮೇಲೆ ತುಪ್ಪವೂ ಬಿದ್ದಿತ್ತು. ಎಲ್ಲಿಂದಲೋ ಒಂದು ನೊಣ ಬಂದು ಸಣ್ಣಮಾವನ ಎಲೆಯ ಮೇಲೆ ಕೂತಿತು. ಅವರು ಕೈ ಹಿಂದಕ್ಕೆಳೆದುಕೊಂಡರು. ನೊಣಕ್ಕೆ ಹಲ್ಲಿಲ್ಲವೆಂದೂ, ಅದು ತಿನ್ನುವ ಮುಂಚೆ ತನ್ನ ಹೊಟ್ಟೆಯೊಳಗಿನ ನೀರನ್ನು ಅನ್ನದ ಮೇಲೆ ಕಕ್ಕಿ, ಕರಗಿಸಿ, ಆಮೇಲೆ ಹೀರುತ್ತದೆಂದೂ ಪಕ್ಕದವರಿಗೆ ಮಾತ್ರ ಕೇಳುವಂತೆ ಹೇಳಿದರು. ಪಕ್ಕದವರು ಅವರ ಪಕ್ಕದವರಿಗೆ ಹೇಳಿದರು. ಪಂಕ್ತಿಯ ಕೊನೆಯ ತನಕ ಕೈಗಳು ಒಂದೊಂದಾಗಿ ನಿಂತವು. ನಮ್ಮಪ್ಪ ಪಾಪ ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಮೇಲೆ ಕೆಳಗೆ ಓಡಾಡಿದ್ದೇ ಬಂತು. ಬೀಗರು ಬಹಳ ಮಿತಾಹಾರಿಗಳು ಎಂದು ಅವರು ಸಾಯುವ ತನಕ ನಂಬಿದ್ದರು!

ಸುಳ್ಳು ಹೇಳುವವರಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಕಷ್ಟವೇನೆಂದರೆ, ಅವರು ತಂದ ಸಂಗತಿಗಳೆಲ್ಲ ನಿಜ. ಎಷ್ಟೋ ವರ್ಷಗಳಾದ ಮೇಲೆ ಮೊಮ್ಮಕ್ಕಳು ಶಾಲೆಯ ಪುಸ್ತಕ ಓದುವುದನ್ನು ಕೇಳಿ ಗೋಡೆಗೊರಗಿ ಕೂತು ನಕ್ಕಿದ್ದೇನೆ. ಇದನ್ನೆಲ್ಲ ನಾನು ಒಲೆಯ ಮುಂದೆ ಕೂತು ಆಗಲೇ ಕೇಳಿ, ಆಗಲೇ ಹೆದರಿ ಮುಗಿಸಿದ್ದೆನಲ್ಲ!

ಒಂದು ಸಂತೆಯ ದಿನ ಎದೆ ಹಿಡಿದುಕೊಂಡೇ ಮನೆಗೆ ಬಂದರು. ಅತ್ತೆ ಗಾಬರಿಯಾಗಿ ಮಜ್ಜಿಗೆ ತಂದರು. ನೋವೇನೂ ಇರಲಿಲ್ಲ. ಗುಂಡಿಗೆ ಎಂಬುದು ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಒಂದು ಗಳಿಗೆಯೂ ನಿಲ್ಲದೆ ಬಡಿದುಕೊಳ್ಳುತ್ತಿದೆಯೆಂದು ಆ ದಿನ ಯಾರೋ ಹೇಳಿದ್ದರು, ಅಷ್ಟೇ. ಇಷ್ಟು ವರ್ಷ ಯಾರೂ ಮೇಲ್ವಿಚಾರಣೆ ಮಾಡದೆ ಅದು ತಾನಾಗಿ ಬಡಿದುಕೊಂಡಿತ್ತಲ್ಲ ಎಂಬುದು ಅವರ ದಿಗಿಲು. ಎತ್ತಿಗಾದರೂ ಅಮಾವಾಸ್ಯೆಗೆ ಬಿಡುವು ಕೊಡುತ್ತೇವೆ, ಇದಕ್ಕೆ ಅದೂ ಇಲ್ಲವೆಂದು ಮರುಗಿದರು. ಅವತ್ತಿನಿಂದ ಅಮಾವಾಸ್ಯೆ ಬಂದರೆ ಹಗಲೆಲ್ಲ ಅಂಗಾತ ಮಲಗುತ್ತಿದ್ದರು. ಗುಂಡಿಗೆಗೆ ಬಿಡುವು ಕೊಡಲಾಗದಿದ್ದರೂ ಭಾರ ಕಡಿಮೆ ಮಾಡಬಹುದಂತೆ. ಈ ಸಂಗತಿಯ ಸತ್ಯದ ಬಗ್ಗೆ ಮಾತ್ರ ಅತ್ತೆಗೆ ಕೊನೆಯ ತನಕ ಅನುಮಾನವಿತ್ತು.

ಇನ್ನೊಮ್ಮೆ ಚೇಳಿನ ಸಂಗತಿ. ನಮ್ಮ ಕಡೆ ಕಲ್ಲು ಎತ್ತಿದಲ್ಲೆಲ್ಲ ಚೇಳು, ಅದರಲ್ಲಿ ಹೊಸದೇನು? ಆದರೆ ಹೆಣ್ಣು ಚೇಳು ಒಮ್ಮೊಮ್ಮೆ ಗಂಡನನ್ನೇ ತಿಂದುಹಾಕುತ್ತದೆಂದು ಸಣ್ಣಮಾವ ನಡುಗುವ ದನಿಯಲ್ಲಿ ಹೇಳಿದರು. ಅತ್ತೆ ನವಣೆಯಲ್ಲಿ ಕಲ್ಲು ಆರಿಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ.

"ಸುಮ್‌ಸುಮ್ನೆ ತಿಂದಿರಲ್ಲ ಬಿಡು. ಅದೇನಾದ್ರೂ ಅಂದಿರ್ತೈತೆ."

ನಮ್ಮತ್ತೆಯದು ಇಂಥ ಸ್ವಭಾವ. ಬಾಯಿ ಚುರುಕು, ಹಟ ಜೋರು, ಸಂಪ್ರದಾಯವೆಂದರೆ ಕಲ್ಲಿನ ಮೇಲೆ ಬರೆದ ಹಾಗೆ. ಕಲ್ಲೆಂದಾಗ ನೆನಪಾಯಿತು. ಸಿದ್ದಾಪುರದ ಹತ್ತಿರ ಬರಹವಿರುವ ಬಂಡೆಯೊಂದಿದೆ. ನಾವೆಲ್ಲ ಅದನ್ನು ಅಕ್ಷರಗುಂಡು ಎನ್ನುತ್ತಿದ್ದೆವು. ಅದರ ಅಕ್ಷರ ಯಾವ ಶಾನುಭೋಗರಿಗೂ ಬರುತ್ತಿರಲಿಲ್ಲ. ಓದಲು ಬಾರದ್ದೆಂದ ಮೇಲೆ ಮಹಿಮೆ ಇರಲೇಬೇಕಲ್ಲ? ಆ ಅಕ್ಷರಗಳ ಮೇಲೆ ನೀರು ಹುಯ್ದು, ಇಳಿದ ನೀರನ್ನು ಹಿಡಿದು ತಂದು, ಕಾಯಿಲೆಯ ದನಕ್ಕೂ ಬಸುರಿ ಹೆಂಗಸರಿಗೂ ಕುಡಿಸುವುದು ನಮ್ಮ ಕಡೆಯ ಪದ್ಧತಿ. ನಾನು ಬಸುರಿಯಾದಾಗ ಅತ್ತೆ ತಾವೇ ನಡೆದುಹೋಗಿ ಒಂದು ಚೊಂಬು ತಂದರು. ನಾನು ಬಾಯಿಗೆ ಹಚ್ಚುವಷ್ಟರಲ್ಲಿ ಸಣ್ಣಮಾವ ಬಾಗಿಲಲ್ಲಿ ಹಾಜರ್!

ಒದ್ದೆ ಕಾಗದ ಹಚ್ಚಿ ಆ ಬಂಡೆಯ ಅಚ್ಚು ತೆಗೆದವರ ಆಳೊಬ್ಬ ಅವರಿಗೆ ರಾಂಪುರದಲ್ಲಿ ಸಿಕ್ಕಿದ್ದನಂತೆ. ಅದು ಔಷಧಿಯೂ ಅಲ್ಲ, ಮಂತ್ರವೂ ಅಲ್ಲ, ಯಾವನೋ ಹಳೇ ಕಾಲದ ರಾಜನ ಹುಕುಮು ಎಂದರು. ತಲತಲಾಂತರದಿಂದ ನಾವು ಸರ್ಕಾರಿ ಆಜ್ಞೆಯನ್ನು ತೊಳೆದು ಕುಡಿಯುತ್ತಿದ್ದೇವೆ, ಇದಕ್ಕೆ ಏನು ಶಿಕ್ಷೆಯೋ ಎಂದು ಅವರ ಮುಖ ಬೆವರಿತ್ತು. ಹುಕುಮಿನಲ್ಲಿ ಏನಿದೆಯೆಂದು ಅತ್ತೆ ಕೇಳಿದರು. ತಾಯಿತಂದೆಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ನಿಜ ಹೇಳಬೇಕು ಎಂದಿದೆಯಂತೆ.

"ಅತ್ತೆ ಮಾತು ಕೇಳ್ಬೇಕು ಅಂತ ಐತಾ?"

ಸಣ್ಣಮಾವ ಬಹಳ ಹೊತ್ತು ಯೋಚಿಸಿದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಅತ್ತೆ ವಿಷ್ಯ ರಾಜ ಏನೂ ಬರೆಸಿಲ್ಲ ಅತ್ತಿಗೆ."

"ಹಂಗಾದ್ರೆ ಅವನಿಗೆ ಸಂಸಾರದ ವಿಷ್ಯ ಗೊತ್ತಿರಲಿಲ್ಲ ಬಿಡು" ಎಂದು ಅತ್ತೆ ಚೊಂಬನ್ನು ನನ್ನ ಬಾಯಿಗೆ ಒತ್ತಿದರು. ರಾಜಾಜ್ಞೆ ಹೊಟ್ಟೆಗೆ ಹೋಯಿತಲ್ಲ, ಮಾರನೆಯ ದಿನವೇ ನಾನು ಅತ್ತೆಯ ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ನಿಜ ಹೇಳಿದೆ. ಆಮೇಲೆ ಹೆರಿಗೆಯ ತನಕ ಸಾರು ಮಾಡುವ ಕೆಲಸ ನನ್ನದಾಯಿತು.

ನಗಿಸುವಷ್ಟು ನಗಿಸಿದೆ. ಇನ್ನು ಹೇಳುವುದಕ್ಕೆ ಈ ವಯಸ್ಸಿನಲ್ಲೂ ನನಗೆ ಹೆದರಿಕೆ.

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋಗಬೇಕಿತ್ತು. ಅಪ್ಪ ಗಾಡಿ ಕಳಿಸುವ ದಿನ ಗೊತ್ತಾಗಿತ್ತು. ಗಾಡಿ ಬರಲಿಲ್ಲ, ಸುದ್ದಿ ಬಂತು: ಚಳ್ಳಕೆರೆಯಲ್ಲಿ ಇಲಿ ಬಿದ್ದಿದೆ. ಈ ಮಾತು ಈಗಿನವರಿಗೆ ಏನೂ ಅನ್ನಿಸಲಿಕ್ಕಿಲ್ಲ. ಆಗ ಇದನ್ನು ಕೇಳಿದರೆ ಬಾಯಿಗೆ ಹೋಗುತ್ತಿದ್ದ ತುತ್ತು ನಿಲ್ಲುತ್ತಿತ್ತು. ಹಗಲು ಹೊತ್ತಿನಲ್ಲೇ ಇಲಿ ಮಾಳಿಗೆಯಿಂದ ಇಳಿದು ಬರುತ್ತದೆ, ಮನುಷ್ಯರನ್ನು ಕಂಡರೂ ಓಡುವುದಿಲ್ಲ, ಗಿರಕಿ ಹೊಡೆದು ಬಿದ್ದು ಸಾಯುತ್ತದೆ. ಒಂದು ಬಿದ್ದರೆ ಹಿಂದೆಯೇ ಹತ್ತು. ಆಮೇಲೆ ಮನುಷ್ಯರ ಸರದಿ. ಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಎರಡು ಮೂರು ದಿನದಲ್ಲಿ ಮನೆ ಖಾಲಿ. ಇಲಿ ಬಿತ್ತೆಂದರೆ ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಕಟ್ಟುತ್ತಿತ್ತು. ನಮ್ಮವ್ವ ಅಪ್ಪ ಚಳ್ಳಕೆರೆಯ ಹೊರಗೆ ಯಾವ ಬಯಲಲ್ಲಿದ್ದಾರೋ, ಇದ್ದಾರೋ ಇಲ್ಲವೋ ತಿಳಿಯದೆ ನಾನು ಅತ್ತೆಯ ಮನೆಯಲ್ಲೇ ಉಳಿದೆ.

ಆ ದಿನಗಳಲ್ಲಿ ಸಣ್ಣಮಾವ ಸಂತೆಯಿಂದ ಬಂದ ರೀತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಓಡಿಯೇ ಬಂದಿದ್ದರು. ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿದ್ದರು. ಬಳ್ಳಾರಿ ಕಡೆಯ ಡಾಕ್ಟರೊಬ್ಬರು ಗಾಡಿ ನಿಲ್ಲಿಸಿ ತೆಲುಗಿನಲ್ಲಿ ಹೇಳಿದರಂತೆ. ಪ್ಲೇಗು ಗಾಳಿಯಿಂದ ಬರುವುದಲ್ಲ, ಮಾರಿಯ ಮುನಿಸೂ ಅಲ್ಲ, ಸತ್ತ ಇಲಿಯ ಮೈಯಿಂದ ಹಾರುವ ಚಿಗಟ ಕಚ್ಚಿ ಬರುವುದು.

ಚಿಗಟ! ಊರು ಬಿದ್ದುಬಿದ್ದು ನಕ್ಕಿತು. ಸಾಲುಸಾಲು ಹೆಣ ಬೀಳಿಸುವ ಮಾರಿ ಬೆಕ್ಕಿನ ಮೈಮೇಲಿನ ಚಿಗಟದ ಮೇಲೆ ಕೂತು ಬರುತ್ತಾಳೆಯೇ ಎಂದು ಗೌಡರ ಕಟ್ಟೆಯ ಮೇಲೆ ಹಾಸ್ಯವೋ ಹಾಸ್ಯ. ಅವರು ದಾರಿಯಲ್ಲಿ ಹೋದರೆ ಹುಡುಗರು ಮೈ ಕೆರೆದುಕೊಂಡು ತೋರಿಸುತ್ತಿದ್ದರು. ಸಣ್ಣಮಾವ ಕಂಬಳಿಯ ಪಟ್ಟಿಗಳನ್ನು ಬೇವಿನ ಎಣ್ಣೆಯಲ್ಲಿ ಅದ್ದಿ ಎರಡೂ ಕಾಲಿಗೆ ಸುತ್ತಿಕೊಂಡರು. ಅವರು ಓಣಿಗೆ ತಿರುಗುವ ಮುಂಚೆಯೇ ಆ ನಾತ ತಿರುಗಿ ಬರುತ್ತಿತ್ತು. ನಾಯಿಗಳು ಅವರನ್ನು ಗುರುತು ಹಿಡಿಯುವುದನ್ನು ಬಿಟ್ಟವು. ಚಿಗಟಕ್ಕೆ ರೆಕ್ಕೆಯಿಲ್ಲ, ಗೇಣಿಗಿಂತ ಎತ್ತರ ಹಾರಲಾರದು ಎಂದು ಮನೆಯ ಹೊರಸುಗಳ ಕಾಲಿನ ಕೆಳಗೆಲ್ಲ ಕಲ್ಲುಗುಂಡು ಪೇರಿಸಿದರು. ನಾವು ಮಲಗಬೇಕೆಂದರೆ ಒರಳಿನ ಮೇಲೆ ಹತ್ತಿ, ಅಲ್ಲಿಂದ ಹೊರಸಿಗೆ ಹತ್ತಬೇಕು. ಚಿಗಟದಿಂದ ಸಾಯುವುದು ಆಮೇಲಿನ ಮಾತು, ಮೊದಲು ಇಲ್ಲಿಂದ ಬಿದ್ದು ಸಾಯುತ್ತೇನೆ ಎಂದು ಅತ್ತೆ ನೆಲದ ಮೇಲೇ ಚಾಪೆ ಹಾಸಿದರು.

ಹೀಗಿರುವಾಗ ನನಗೆ ಹೆರಿಗೆಯಾಯಿತು. ಗಂಡುಮಗು. ನಡುಮನೆಯ ಹಿಂದಿನ ಕತ್ತಲೆ ಕೋಣೆ, ಎತ್ತರದ ಹೊರಸು, ಕೆಳಗೆ ಅಗ್ಗಿಷ್ಟಿಕೆಯ ಕೆಂಡ, ಅದರ ಮೇಲೆ ಬೇವಿನ ಸೊಪ್ಪಿನ ಹೊಗೆ. ಮಗುವಿಗೆ ಇನ್ನೂ ವಾರ ತುಂಬಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಓಣಿಯ ಆ ತುದಿಯಲ್ಲಿ ಒಬ್ಬಳು ಹೆಂಗಸು ಕೂಗಿಕೊಂಡಳು. ಇಲಿ ಬಿದ್ದಿತ್ತು.

ಸಂಜೆಯೊಳಗೆ ಊರು ಎದ್ದಿತು. ಪಾತ್ರೆಗಳ ಸದ್ದು, ಗಾಡಿಗಳ ಸದ್ದು, ಕೋಳಿ ಹಿಡಿಯುವವರ ಸದ್ದು, ಎಲ್ಲ ನನ್ನ ಕತ್ತಲೆ ಕೋಣೆಗೆ ಕೇಳುತ್ತಿತ್ತು. ನನ್ನನ್ನು ಯಾವಾಗ ಕರೆದೊಯ್ಯುತ್ತಾರೆ ಎಂದು ಕಾದೆ. ಅತ್ತೆ ಬಂದು ಕೆಂಡದ ಮೇಲೆ ಇನ್ನಷ್ಟು ಬೇವಿನ ಸೊಪ್ಪು ಹಾಕಿದರು. ಹೊರಡುವ ಮಾತಿರಲಿಲ್ಲ. ಪುರುಡು, ಅಂದರೆ ಹೆರಿಗೆಯ ಮೈಲಿಗೆ, ಇನ್ನೂ ಕಳೆದಿರಲಿಲ್ಲ. ಪುರುಡಿನ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಮನೆದೇವರು ಮುನಿಯುತ್ತಾನೆ, ತಾಯಿಗೂ ಮಗುವಿಗೂ ಉಳಿಗಾಲವಿಲ್ಲ. ಇದು ಆ ಮನೆಯಲ್ಲಿ ತಲೆಮಾರಿನಿಂದ ಬಂದ ಕಟ್ಟಳೆ. ಹಾಗೆಂದು ಅತ್ತೆ ನನ್ನನ್ನು ಬಿಟ್ಟುಹೋಗುವ ಹೆಂಗಸಲ್ಲ. ತಾವೂ ಉಳಿದರು. ಮಗನನ್ನು ಹೊಲಕ್ಕೆ ಹೋಗೆಂದು ಗದರಿದರು. ನಮ್ಮನೆಯವರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಹೋಗಿ ಅಂಗಳದಲ್ಲಿ ನಿಂತರು. ಸಣ್ಣಮಾವ ಎಲ್ಲಿ ಎಂದು ಕೇಳಿದೆ. ಇಲಿ ಬಿದ್ದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಎಲ್ಲರಿಗಿಂತ ಮೊದಲು ಹೊಲಕ್ಕೆ ಓಡಿಹೋದವರು ಅವರೇ ಎಂದರು. ನನಗೆ ಆಶ್ಚರ್ಯವಾಗಲಿಲ್ಲ.

ಮಾರನೆಯ ಬೆಳಿಗ್ಗೆ ಊರಿನಲ್ಲಿ ಸದ್ದಿಲ್ಲ. ಒಂದು ಊರು ಹಗಲಿನಲ್ಲಿ ಅಷ್ಟು ಸುಮ್ಮನಿರುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಗು ಅತ್ತರೆ ಅದರ ದನಿ ಓಣಿಯ ಕೊನೆಗೆ ಹೋಗಿ ತಿರುಗಿ ಬರುತ್ತಿತ್ತು. ಅಷ್ಟರಲ್ಲಿ ಗೋಡೆಯ ಬಿಲದಿಂದ ಒಂದು ಇಲಿ ಹೊರಗೆ ಬಂತು. ಕುಡಿದವರ ಹಾಗೆ ಓಲಾಡುತ್ತಾ ಕೋಣೆಯ ನಡುವಿಗೆ ಬಂದು, ಅಡ್ಡ ಬಿದ್ದು, ಕಾಲು ಬಡಿದು ಸುಮ್ಮನಾಯಿತು. ಅತ್ತೆಯ ಬರಿಗಾಲಿನಿಂದ ಒಂದು ಮಾರು ದೂರ. ಹೊರಸಿಗೆ ಹತ್ತಿ ಬನ್ನಿ ಎಂದು ನಾನು ಕೈ ಚಾಚಿ ಅತ್ತುಬಿಟ್ಟೆ. ಪುರುಡಿನವಳ ಹಾಸಿಗೆಯನ್ನು ಮುಟ್ಟುವಂತಿಲ್ಲವೆಂದು ಅವರು ಗೋಡೆಗೆ ಒತ್ತಿ ನಿಂತರು. ಅವರ ಬಾಯಿ ಮನೆದೇವರ ಹೆಸರು ಹೇಳುತ್ತಿತ್ತು. ಮಗುವನ್ನು ಎದೆಗೆ ಅವುಚಿಕೊಂಡೆ. ನಾನು ಸಾಯುತ್ತೇನೆ, ಇದೂ ಸಾಯುತ್ತದೆ, ಅವ್ವನಿಗೆ ಮೊಮ್ಮಗ ಹುಟ್ಟಿದ್ದೂ ತಿಳಿಯುವುದಿಲ್ಲ ಎಂದು ಆ ಹೊತ್ತಿನಲ್ಲಿ ನಿಶ್ಚಯವಾಗಿ ಅನ್ನಿಸಿತು.

ಆಗ ಹಿಂದಿನ ಗೋಡೆ ಧಡ್ ಎಂದಿತು.

ಮತ್ತೆ ಧಡ್. ಮಣ್ಣು ಉದುರಿತು. ಖಾಲಿ ಊರಿನಲ್ಲಿ ಕನ್ನ ಹಾಕುವ ಕಳ್ಳರೆಂದೇ ನನ್ನ ಎಣಿಕೆ. ಆದರೆ ಯಾವ ಕಳ್ಳ ಬೇವಿನ ಎಣ್ಣೆಯ ನಾತ ಬರಿಸುತ್ತಾನೆ? ತೂತಿನಿಂದ ಮೊದಲು ಆ ನಾತ ಬಂತು, ಆಮೇಲೆ ಹಾರೆಯ ಮೂತಿ, ಆಮೇಲೆ ಮಣ್ಣು ಮೆತ್ತಿದ ಸಣ್ಣಮಾವನ ಮುಖ. ಕೈ ಅದೆಷ್ಟು ನಡುಗುತ್ತಿತ್ತೆಂದರೆ ಹಾರೆ ಒಂದು ಕಡೆ ಬೀಳುವುದರ ಬದಲು ನಾಲ್ಕು ಕಡೆ ಬಿದ್ದು ಗೋಡೆ ಬೇಗ ಬೇಗ ಅಗಲವಾಗುತ್ತಿತ್ತು!

ಬಾಗಿಲು ತೆಗೆದೇ ಇರುವಾಗ ಗೋಡೆ ಯಾಕೆ ಒಡೆಯುತ್ತೀಯೆಂದು ಅತ್ತೆ ಕೇಳಿದರು.

"ಬಾಗಿಲಿಗೆ ಹೊಸ್ತಿಲೈತಲ್ಲ ಅತ್ತಿಗೆ. ಗ್ವಾಡೆಗೆ ಇಲ್ಲ."

ಅತ್ತೆಯ ಗಲ್ಲ ಅದುರುವುದನ್ನು ನಾನು ಅದೇ ಮೊದಲು ನೋಡಿದೆ. "ಹೋದ ಸಲ ಅವಳು ಜನ ಊರು ಬಿಡೋದನ್ನ ನೋಡಾಕೆ ಅಂತ ಹೊಸ್ತಿಲ ಮ್ಯಾಲೆ ಕಾಲಿಟ್ಲು. ಅದಕ್ಕೇ ಹೋದ್ಲು. ಕೂಸೂ ಹೋತು. ಇವಳನ್ನೂ ಕಳ್ಕಳಾಕೆ ನನ್ನ ಕೈಲಾಗಲ್ಲ ಕಣಪ್ಪ."

ಸಣ್ಣಮಾವನ ಹೆಂಡತಿಯೂ ಅದೇ ಕೋಣೆಯಲ್ಲಿ, ಪುರುಡಿನಲ್ಲಿದ್ದಾಗಲೇ ಹೋದದ್ದೆಂದು ನನಗೆ ಆಗ ತಿಳಿಯಿತು. ಅವರು ಅತ್ತಿಗೆಯೊಂದಿಗೆ ವಾದಿಸಬಹುದಿತ್ತು. ಹೊಸ್ತಿಲಿನಿಂದಲ್ಲ, ಚಿಗಟದಿಂದ ಎನ್ನಬಹುದಿತ್ತು. ಅನ್ನಲಿಲ್ಲ.

"ಗೊತ್ತು ಅತ್ತಿಗೆ. ಅದಕ್ಕೇ ನಾನು ಹೊಸ್ತಿಲ ತಂಟೆಗೇ ಹೋಗಿಲ್ಲ."

ಮತ್ತೆ ಹಾರೆ ಎತ್ತಿದರು. ಆ ಏಟಿಗೆ ಗೋಡೆಯೊಳಗಿನ ಬಿಲ ಒಡೆದು ಹೆಂಟೆಗಳ ಜೊತೆ ಸತ್ತ ಇಲಿಗಳು ಅವರ ಎದೆಯ ಮೇಲೆ, ತೋಳಿನ ಮೇಲೆ ಉದುರಿದವು. ಒಂದು ಗಳಿಗೆ ಅವರು ನಿಂತರು. ಅದೇನೆಂದು ಆ ಊರಿನಲ್ಲಿ ತಿಳಿದಿದ್ದವರು ಅವರೊಬ್ಬರೇ. ಕಾಲಿಗೆ ಎಣ್ಣೆ ಪಟ್ಟಿ ಸುತ್ತಿದ್ದರು, ಎದೆಗೆ ಏನೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡರು, ಮುಚ್ಚಿಕೊಂಡೇ ಗೋಡೆ ಒಡೆದರು.

ಕಂಡಿ ಹೊರಸಿನಷ್ಟು ಅಗಲವಾಯಿತು. ಆಚೆ ನಮ್ಮನೆಯವರು ಗಾಡಿ ತಂದು ನಿಲ್ಲಿಸಿದ್ದರು. ಸಣ್ಣಮಾವ ದೂರ ಸರಿದು, ನನ್ನ ಮೈಮೇಲೆ ಗೋಡೆ ಬಿದ್ದಿದೆ, ನಾನು ಮುಟ್ಟುವುದಿಲ್ಲ ಎಂದರು. ನಮ್ಮನೆಯವರು ಹೊರಸಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ಹಿಡಿಯುವವರಿಲ್ಲ. ಅತ್ತೆ ಆ ಕಂಡಿಯ ಬುಡವನ್ನು ಒಮ್ಮೆ ನೋಡಿದರು, ಅಲ್ಲಿ ಹೊಸ್ತಿಲಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವರ ಹಾಗೆ. ಆಮೇಲೆ ಸೆರಗು ಬಿಗಿದು ಬಂದು, ಮೈಲಿಗೆಯ ಹೊರಸನ್ನು ಎರಡೂ ಕೈಯಲ್ಲಿ ಎತ್ತಿದರು.

"ಕೂಸಿನ ಮುಖ ಮುಚ್ಚವ್ವ. ಗಾಳಿ ಆಗ್ತೈತೆ."

ಹೀಗೆ ನಾನು ಹೊಸ್ತಿಲು ದಾಟದೆ ಮನೆ ಬಿಟ್ಟೆ.

ಹೊಲದಲ್ಲಿ ನಮ್ಮದು ಒಂದು ಗುಡಿಸಲು. ಸಣ್ಣಮಾವ ಅದರಿಂದ ಬಹಳ ದೂರ, ಜಾಲಿಮರದ ಹತ್ತಿರ ತಮಗೊಂದು ಗುಡಿಸಲು ಹಾಕಿಕೊಂಡರು. ಹತ್ತಿರ ಬರಬೇಡಿ, ಊಟ ನಡುದಾರಿಯಲ್ಲಿ ಇಟ್ಟುಹೋಗಿ ಎಂದು ಕೂಗಿ ಹೇಳಿದರು. ದಿನಾ ಬೆಳಿಗ್ಗೆ ಗುಡಿಸಲಿನಿಂದ ಹೊರಗೆ ಬಂದು ಎರಡೂ ತೋಳನ್ನು ಆಕಾಶಕ್ಕೆ ಎತ್ತಿ ತೋರಿಸುವರು, ಕಂಕುಳಲ್ಲಿ ಗಡ್ಡೆಯಿಲ್ಲ ಎಂದು. ದಾರಿಹೋಕರು ಯಾರೋ ಸಾಧು ಸೂರ್ಯನಿಗೆ ಕೈಯೆತ್ತುತ್ತಿದ್ದಾನೆಂದು ದೂರದಿಂದಲೇ ನಮಸ್ಕಾರ ಮಾಡಿದ್ದೂ ಉಂಟು! ಅವರ ತೋಳು ಕಂಡ ಮೇಲೆಯೇ ಅತ್ತೆ ಒಲೆ ಹಚ್ಚುತ್ತಿದ್ದುದು. ಅಕ್ಕಪಕ್ಕದ ಗುಡಿಸಲುಗಳಲ್ಲಿ ಜನ ಸಾಯುತ್ತಲೇ ಇದ್ದರು. ತಡವಾಗಿ ಊರು ಬಿಟ್ಟವರು, ಮರೆತ ಸಾಮಾನಿಗೆಂದು ಊರೊಳಗೆ ಹೋಗಿಬಂದವರು. ಚಿಗಟದ ಹಾಸ್ಯ ಯಾರ ಬಾಯಲ್ಲೂ ಇರಲಿಲ್ಲ.

ಒಂದು ಬೆಳಿಗ್ಗೆ ಜಾಲಿಮರದ ಗುಡಿಸಲಿನಿಂದ ಯಾರೂ ಹೊರಗೆ ಬರಲಿಲ್ಲ. ಹೊತ್ತು ಏರಿತು. ಅತ್ತೆ ಒಲೆ ಹಚ್ಚಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತೇ ಇದ್ದರು. ಆಮೇಲೆ ಹೊಲದಲ್ಲಿ ಇಳಿದು ನಡೆದರು. ನಡುದಾರಿಯನ್ನೂ ದಾಟಿದರು. ಗುಡಿಸಲಿನ ಮುಂದೆ ನಿಂತು ಮೈದುನನ ಹೆಸರು ಹಿಡಿದು ಕೂಗಿದರು. ನಾನು ಹೊರಸಿನ ಮೇಲೆ ಎದ್ದು ಕೂತೆ. ಸಣ್ಣಮಾವ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದರು. ಅತ್ತೆ ಅವರನ್ನು ಬೈದ ಬೈಗುಳ ನಮ್ಮ ಗುಡಿಸಲಿನ ತನಕ ಕೇಳಿತು. ಬೈಯುತ್ತಾ ಬೈಯುತ್ತಾ ಅವರು ಹೊಲದಲ್ಲೇ ಕೂತು ಅತ್ತರು. ಸಣ್ಣಮಾವನಿಗೆ ನಿದ್ದೆ ಬಂದುಬಿಟ್ಟಿತ್ತಂತೆ. ಎಷ್ಟೋ ವರ್ಷಗಳಿಂದ ಹಾಗೆ ನಿದ್ದೆ ಬಂದಿರಲಿಲ್ಲವಂತೆ.

ಅವರಿಗೆ ಏನೂ ಆಗಲಿಲ್ಲ. ಪುರುಡು ಕಳೆದ ಮೇಲೆ ಒಂದು ದಿನ ನಮ್ಮ ಗುಡಿಸಲಿಗೆ ಬಂದು ಬಾಗಿಲಲ್ಲಿ ಕೂತರು. ಚಳ್ಳಕೆರೆಯಿಂದ ಅಪ್ಪ ಅವ್ವ ಕ್ಷೇಮವೆಂಬ ಸುದ್ದಿ ತಂದವರೂ ಅವರೇ. ಮಗು ಮಲಗಿತ್ತು. ಅವರು ಅದನ್ನೇ ನೋಡುತ್ತಿದ್ದರು. ಹೆದರುವ ಈ ಮನುಷ್ಯನ ಮೇಲೆ ನನಗೆ ಹುಟ್ಟಿದ ಪ್ರೀತಿಯನ್ನು ಹೇಗೆ ಹೇಳಬೇಕೆಂದು ತಿಳಿಯದೆ, ಏನೋ ಒಂದು ಕೇಳಬೇಕಲ್ಲ ಎಂದು ಕೇಳಿದೆ: ಇಷ್ಟೊಂದು ಸಂಗತಿ ಹೇಗೆ ತಿಳಿದುಕೊಂಡಿರಿ ಸಣ್ಣಮಾವ, ಸಂತೆಯಲ್ಲಿ ಕಂಡವರನ್ನೆಲ್ಲ ಏನೇನು ಕೇಳುತ್ತಿದ್ದಿರಿ?

ಅವರು ನನ್ನ ಕಡೆ ತಿರುಗಲಿಲ್ಲ.

"ನಾನೆಲ್ಲಿ ಏನೇನೋ ಕೇಳಿದೆ ತಾಯಿ? ಅವಳು ಯಾತರಿಂದ ಹೋದ್ಲು ಅಂತ ಒಂದೇ ಕೇಳ್ತಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ನನ್ನ ಬರಿಗೈಲಿ ಕಳಿಸಾಕೆ ಮನಸಾಗ್ದೆ, ಅವರವರಿಗೆ ಗೊತ್ತಿದ್ದಿದ್ದು ಏನಾದ್ರೂ ಹೇಳಿ ಕಳಿಸೋರು."